ಕುಕ್ಕರಿನ ರಬ್ಬರು, ಹ್ಯಾಂಡಲಿನ ಹೆಂಗಸು

ಆ ಶುಕ್ರವಾರ ನಮ್ಮ ಮನೆಯ ಕುಕ್ಕರು ಕೂಗಲಿಲ್ಲ.

ಕೂಗದಿದ್ದರೆ ಏನು ಮಹಾ ಎನ್ನಬೇಡಿ. ನಮ್ಮಲ್ಲಿ ಬೆಳಗಾಗುವುದಕ್ಕೆ ಒಂದು ಕ್ರಮವಿದೆ. ಮೊದಲು ಅತ್ತೆಯವರ ಕೆಮ್ಮು, ಆಮೇಲೆ ನಲ್ಲಿಯಲ್ಲಿ ಬುಸುಗುಡುವ ಗಾಳಿ, ಗಾಳಿಯ ಹಿಂದೆ ನೀರು, ನೀರಿನ ಹಿಂದೆ ನಾನು. ಕುಕ್ಕರಿನ ಮೊದಲ ಕೂಗಿಗೆ ನಮ್ಮವರು ಮಗ್ಗುಲು ಬದಲಿಸುತ್ತಾರೆ, ಎರಡನೆಯದಕ್ಕೆ ಎದ್ದು ಪೇಪರು ಎಲ್ಲಿ ಎನ್ನುತ್ತಾರೆ. ಅವತ್ತು ಅಂಗಳಕ್ಕೆ ನೀರು ಹಾಕಿ, ರಂಗೋಲಿ ಎಳೆದು, ಹಾಲು ಕಾಯಿಸಿ, ಅಕ್ಕಿ ಬೇಳೆ ಇಟ್ಟು ಕಾದೆ. ಕುಕ್ಕರು ಸುತ್ತಲೂ ಹಬೆ ಬಿಡುತ್ತಾ, ಹಲ್ಲಿಲ್ಲದ ಮುದುಕಿ ಬೈಯಲು ಹೊರಟಂತೆ ಬರೀ ಉಸ್ಸೆನ್ನುತ್ತಿತ್ತು. ಮುಚ್ಚಳ ತೆಗೆದು ನೋಡಿದರೆ ಅದರ ರಬ್ಬರೇ ಇಲ್ಲ. ಮುಚ್ಚುವಾಗಲೇ ತಿಳಿಯಬೇಕಿತ್ತು, ಆದರೆ ಬೆಳಗಿನ ಹೊತ್ತು ಕೆಲಸ ಮಾಡುವುದು ನನ್ನ ಕೈಗಳು, ನಾನು ಸ್ವಲ್ಪ ತಡವಾಗಿ ಬಂದು ಸೇರಿಕೊಳ್ಳುತ್ತೇನೆ.

ರಬ್ಬರನ್ನು ಹೆಚ್ಚು ಹುಡುಕಬೇಕಾಗಲಿಲ್ಲ. ಅಡುಗೆಮನೆಯ ಕಿಟಕಿಯಿಂದಲೇ ಕಂಡಿತು. ಅಂಗಳದಲ್ಲಿ ನಿಂತಿದ್ದ ಬೈಕಿನ ಹ್ಯಾಂಡಲಿಗೆ ಒಂದು ಕಬ್ಬಿಣದ ಪಟ್ಟಿ, ಪಟ್ಟಿಯ ಮೇಲೆ ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆ, ಅವೆರಡರ ನಡುವೆ ತುಂಡು ತುಂಡಾಗಿ ನನ್ನ ಕುಕ್ಕರಿನ ರಬ್ಬರು.

"ಅದುರ್ತೈತೆ ಕಣೇ," ಎಂದರು ಅವತ್ತು ಕೂಗಿಗೆ ಕಾಯದೆ ಎದ್ದಿದ್ದ ನಮ್ಮವರು, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ. "ಸ್ಪಂಜು ಇಟ್ಟು ನೋಡ್ದೆ, ಸಾಲ್ಲಿಲ್ಲ. ಸಂಜೆ ಹೊಸದು ತಂದ್ಕೊಡ್ತೀನಿ ಬಿಡು."

ಅನ್ನವನ್ನು ತಪ್ಪಲೆಯಲ್ಲಿ ಬೇಯಿಸಿ ಗಂಜಿ ಬಸಿದೆ. ಅವತ್ತೇ ನಾನು ಬೇಗ ಹೊರಡಬೇಕಾಗಿದ್ದ ದಿನ.

ಮೊಳಕಾಲ್ಮೂರಿನಲ್ಲಿ ನನ್ನ ತಂಗಿ ಪುಷ್ಪಳ ಮನೆ. ಅವಳ ಮಗಳು ಸೌಮ್ಯಳಿಗೆ ಅಂದು ಹೂ ಮುಡಿಸುವ ಶಾಸ್ತ್ರ. ನಮ್ಮ ಅವ್ವ ಇಲ್ಲ. ಹಾಗಾಗಿ ಹೆಣ್ಣಿನ ಕಡೆಯಿಂದ ಮೊದಲ ಹೂ ದೊಡ್ಡಮ್ಮನಾದ ನನ್ನದು. ಸೌಮ್ಯ ವಾರದ ಹಿಂದೆಯೇ ಫೋನಿನಲ್ಲಿ ಹೇಳಿದ್ದಳು: "ದೊಡ್ಡಮ್ಮ, ನೀನೇ ಮುಡಿಸ್ಬೇಕು. ನೀನು ಬರ್ಲಿಲ್ಲ ಅಂದ್ರೆ ನಮ್ಮ ಸೋದರತ್ತೆ ತಾನೇ ಮುಡಿಸೋಕೆ ಕಾಯ್ತಾ ಕುಂತಾಳೆ, ಆಮೇಲೆ ಜನ್ಮಪೂರ್ತಿ ಅದನ್ನೇ ಹೇಳ್ತಾಳೆ." ಹತ್ತೂವರೆಗೆ ರಾಹುಕಾಲ. ಅದರೊಳಗೆ ಹೂ ಬೀಳಬೇಕು. ನಾನು ಏಳರ ಬಸ್ಸಿಗೆ ಹೋಗುತ್ತೇನೆಂದೆ. ನಮ್ಮವರು ಕೇಳಲಿಲ್ಲ. ಬಸ್ಸು ಊರೂರಿಗೆ ನಿಲ್ಲುತ್ತದೆ, ಬೈಕಿನಲ್ಲಿ ಸುಂಯ್ ಎಂದು ಹೋಗಬಹುದು, ಜೊತೆಗೆ ದಾರಿ ತೋರಿಸುವ ಆ ಪೆಟ್ಟಿಗೆ, ಜಿಪಿಎಸ್ಸನ್ನೂ ಪರೀಕ್ಷೆ ಮಾಡಿದಂತಾಗುತ್ತದೆ ಎಂದರು. ಪರೀಕ್ಷೆಗೆ ಕುಳಿತದ್ದು ಜಿಪಿಎಸ್ಸೋ ನಾನೋ ಎಂಬುದು ಆಮೇಲೆ ತಿಳಿಯಿತು.

ಫೋನೇ ದಾರಿ ತೋರಿಸುವ ಕಾಲ ಆಗಿನ್ನೂ ಬಂದಿರಲಿಲ್ಲ. ನಮ್ಮವರ ಗೆಳೆಯರೊಬ್ಬರು ತಮ್ಮ ಕಾರಿಗೆ ಹೊಸದನ್ನು ಹಾಕಿಸಿಕೊಂಡು ಹಳೆಯದನ್ನು ಇವರಿಗೆ ಕೊಟ್ಟಿದ್ದರು. ಕಾರಿಗೆಂದು ಹುಟ್ಟಿದ್ದನ್ನು ಬೈಕಿಗೆ ಕೂರಿಸುವುದು ಎಮ್ಮೆಗೆ ಕುದುರೆಯ ಜೀನು ಬಿಗಿದಂತೆ. ಒಂದು ವಾರ ಇದೇ ಕೆಲಸ. ವೆಲ್ಡಿಂಗ್ ಅಂಗಡಿಯಲ್ಲಿ ಪಟ್ಟಿ ಬಗ್ಗಿಸಿದ್ದಾಯಿತು, ಬ್ಯಾಟರಿಯಿಂದ ವೈರು ಎಳೆದದ್ದಾಯಿತು, ಧೂಳು ಹೋಗದಿರಲಿ ಎಂದು ನನ್ನ ಒಣದ್ರಾಕ್ಷಿಯ ಪ್ಲಾಸ್ಟಿಕ್ ಕವರು ತೊಡಿಸಿದ್ದಾಯಿತು. ಭಾನುವಾರವಿಡೀ ಕೂತು ಅದಕ್ಕೆ ನಮ್ಮ ಮನೆಯ ಜಾಗವನ್ನು ಕಲಿಸಿದರು. ಮನೆಯ ಚಿತ್ರವಿರುವ ಗುಂಡಿಯೊಂದನ್ನು ಪರದೆಯ ಮೇಲೆ ಒತ್ತಿದರೆ ಸಾಕು, ಎಲ್ಲಿದ್ದರೂ ಮನೆಗೆ ದಾರಿ ತೋರಿಸುತ್ತದಂತೆ.

ಇವರಿಗೆ ಅದು ಏಕೆ ಬೇಕಿತ್ತು ಎಂದು ಕೇಳಿದರೆ ಉತ್ತರ ಸುಲಭವಲ್ಲ. ನಮ್ಮವರದು ಚಳ್ಳಕೆರೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ. ಸುತ್ತಲಿನ ಹಳ್ಳಿಗಳಲ್ಲಿ ಯಾರ ಹೊಲದ ಮೋಟಾರು ಸುಟ್ಟರೂ ಹೋಗಿ ನೋಡುವವರು ಇವರೇ. ಗಾಡಿಜಾಡು, ಕುರಿಜಾಡು, ದನಕುರಿ ಮೇಯುವ ಕಾವಲಿನ ಹುಲ್ಲಿನ ನಡುವಿನ ಅಡ್ಡದಾರಿ ಎಲ್ಲವೂ ಇವರ ಕಾಲಿಗೆ ಗೊತ್ತು. ಆದರೆ ಆ ವರ್ಷ ದೊಡ್ಡಉಳ್ಳಾರ್ತಿಯ ಕಡೆ ಹೋದವರು ಹೊತ್ತು ಮುಳುಗಿದ ಮೇಲೆ ಬಂದು, ಊಟಕ್ಕೆ ಕೂತು, ಸುಮ್ಮನೆ ತಟ್ಟೆ ನೋಡುತ್ತಿದ್ದರು. ಇಪ್ಪತ್ತು ವರ್ಷ ಓಡಾಡಿದ ದಾರಿಗೆ ಅಡ್ಡವಾಗಿ ಹೊಸ ಬೇಲಿ ಬಂದು ದಾರಿ ತಪ್ಪಿತ್ತಂತೆ. ಕುರಿ ಕಾಯುವವನೊಬ್ಬ, "ದಾರಿ ಗೊತ್ತಿಲ್ವಾ ಸಾಮಿ, ಹೊಸಬರಾ?" ಎಂದು ಕೇಳಿದನಂತೆ. ಕಪ್ಪು ಪೆಟ್ಟಿಗೆ ಬಂದಾಗ ಅದಕ್ಕೇ ನಾನು ಹೆಚ್ಚು ಮಾತಾಡಲಿಲ್ಲ. ರಬ್ಬರು ಹೋದಾಗಲೂ.

ಅವತ್ತು ಹೊರಡುವ ಮುನ್ನ ಅತ್ತೆಯವರು ಕುಂಕುಮದ ಬಟ್ಟಲು ಹಿಡಿದು ಬಂದರು. ನಮ್ಮ ಕಡೆ ತಿರುಗುವ, ಓಡುವ, ಕರೆಂಟು ಕುಡಿಯುವ ಯಾವ ವಸ್ತುವಿಗೂ ಬೊಟ್ಟಿಡದೆ ಕೆಲಸ ಹೇಳುವುದಿಲ್ಲ. ಪಂಪು ನೀರಿಗಿಳಿಯುವ ಮೊದಲು ಅದಕ್ಕೆ ಕುಂಕುಮ. ಮಿಕ್ಸಿ ಮನೆಗೆ ಬಂದ ದಿನ ಅದಕ್ಕೂ ಕುಂಕುಮ, ಮಲ್ಲಿಗೆ. ಅತ್ತೆಯವರು ಬೈಕಿನ ದೀಪಕ್ಕೆ ಇಟ್ಟರು, ಟ್ಯಾಂಕಿಗೆ ಇಟ್ಟರು, ಪ್ಲಾಸ್ಟಿಕ್ ಕವರು ಸರಿಸಿ ಹೊಸ ಪೆಟ್ಟಿಗೆಯ ಹಣೆ ಯಾವುದೆಂದು ಕ್ಷಣ ನೋಡಿ, ಉಂಗುರದ ಬೆರಳಿನಿಂದ ಪರದೆಗೇ ಗಟ್ಟಿಯಾಗಿ ಒತ್ತಿದರು. ಅದು 'ಟುಣ್' ಎಂದಿತು.

"ಒಪ್ಕೊಂತು ನೋಡು," ಎಂದರು ಅತ್ತೆಯವರು.

ನಮ್ಮವರು ಹೆಲ್ಮೆಟ್ಟಿನ ಪಟ್ಟಿಯ ಜೊತೆ ಗುದ್ದಾಡುತ್ತಿದ್ದರು. ಮೊಳಕಾಲ್ಮೂರಿನ ಹೆಸರನ್ನು ಅದಾಗಲೇ ಅದಕ್ಕೆ ಹೇಳಿಕೊಟ್ಟಿದ್ದರಿಂದ ನಿಶ್ಚಿಂತೆಯಾಗಿದ್ದರು. ಕವರನ್ನು ಮತ್ತೆ ಎಳೆದದ್ದಾಯಿತು, ಗಾಡಿ ಹೊರಟಿತು.

ಆ ಪೆಟ್ಟಿಗೆಯೊಳಗೆ ಒಬ್ಬ ಹೆಂಗಸಿದ್ದಳು. ಇಂಗ್ಲಿಷಿನವಳು. ದನಿ ಕೇಳಿದೊಡನೆ ನನ್ನ ಬೆನ್ನು ನೆಟ್ಟಗಾಯಿತು. ಕಾನ್ವೆಂಟಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದ ಸಿಸ್ಟರ್ ನೆನಪಾದರು. ಉದ್ದನೆಯ ಕೋಲಿನ ತುದಿಯನ್ನು ನಕಾಶೆಯ ಮೇಲೆ ಆಡಿಸುತ್ತಾ ನದಿಗಳನ್ನು ಒಂದೊಂದಾಗಿ ಸಮುದ್ರ ಸೇರಿಸುತ್ತಿದ್ದರು ಅವರು. ಆ ನಕಾಶೆಯಲ್ಲಿ ಚಳ್ಳಕೆರೆ ಇರಲಿಲ್ಲ. ಎಲ್ಲಿ ಎಂದು ಕೇಳಿದ್ದಕ್ಕೆ ಸಿಸ್ಟರ್ ಕೋಲಿನ ತುದಿಯನ್ನು ಖಾಲಿ ಜಾಗದಲ್ಲಿಟ್ಟು, ಇಲ್ಲೇ ಎಲ್ಲೋ ಎಂದಿದ್ದರು. ಅದೇ 'ಇಲ್ಲೇ ಎಲ್ಲೋ' ಎಂಬಲ್ಲಿಗೆ ಅಪ್ಪ ಅವ್ವ ನನ್ನನ್ನು ಮದುವೆ ಮಾಡಿಕೊಟ್ಟರು. ಹೋಗಲಿ, ಆ ಮಾತು ಬೇಡ.

ಹ್ಯಾಂಡಲಿನ ಹೆಂಗಸಿನ ಇಂಗ್ಲಿಷು, ಗಾಳಿಯ ಸದ್ದು, ಹೆಲ್ಮೆಟ್ಟು, ಮೂರೂ ಸೇರಿ ನಮ್ಮವರಿಗೆ ಏನೂ ತಿಳಿಯದು. ಪರದೆ ನೋಡೋಣವೆಂದರೆ ನಮ್ಮ ಬಿಸಿಲಿಗೆ ಅದು ಬರೀ ಕನ್ನಡಿ. ಕಾಣುವುದು ಅವರದೇ ಮೀಸೆ, ಅದರ ಮೇಲೊಂದು ಕುಂಕುಮ. ಆದ್ದರಿಂದ ಹಿಂದಿನ ಸೀಟಿನಲ್ಲಿ ಒಂದೇ ಕಡೆ ಕಾಲು ಇಳಿಬಿಟ್ಟು, ಮಡಿಲಲ್ಲಿ ಮಲ್ಲಿಗೆಯ ಪೊಟ್ಟಣ ಹಿಡಿದು ಕೂತ ನನಗೆ ದುಭಾಷಿಯ ಕೆಲಸ ಸಿಕ್ಕಿತು. ಕಾನ್ವೆಂಟಿನ ಓದಿಗೆ ಕಡೆಗೂ ಒಂದು ಉದ್ಯೋಗ.

ಊರು ದಾಟಿದ ಕೂಡಲೇ ಅವಳು ಬಾಯಿ ತೆರೆದಳು. ಸಾಧ್ಯವಾದ ಕಡೆ ಹಿಂದಕ್ಕೆ ತಿರುಗಿ, ಎಂದಳು.

ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡೆ. ಸ್ವಲ್ಪ ದೂರ ಹೋಗಿ ಮತ್ತೆ ಅದನ್ನೇ ಹೇಳಿದಳು. ಸಿಟ್ಟಿಲ್ಲ, ಆತುರವಿಲ್ಲ. ಹಿಂದಕ್ಕೆ ತಿರುಗಿ. ಆಗ ನನಗೆ ಆ 'ಟುಣ್' ನೆನಪಾಯಿತು. ಅತ್ತೆಯವರ ಬೆರಳು ಬಿದ್ದದ್ದು ಮನೆಯ ಗುಂಡಿಯ ಮೇಲೆ. ನಾವು ಮೊಳಕಾಲ್ಮೂರಿಗೆ ಹೊರಟಿದ್ದೆವು. ಅವಳು ನಮ್ಮನ್ನು ಮನೆಗೆ ಕರೆದುಕೊಂಡು ಹೋಗಲು ಹೊರಟಿದ್ದಳು.

"ಏನಂತಾಳೆ?" ಎಂದು ನಮ್ಮವರು ತಲೆ ವಾಲಿಸಿದರು.

ನಿಜ ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತು. ಗಾಡಿ ನಿಲ್ಲುತ್ತದೆ. ಜಾಲಿಯ ನೆರಳು ಹುಡುಕುತ್ತಾರೆ. ಸ್ಕ್ರೂಡ್ರೈವರು ಹೊರಬರುತ್ತದೆ. ಇವರು ಒಂದು ಮೋಟಾರಿನ ಮುಂದೆ ಕೂತರೆ ಊಟದ ಹೊತ್ತೂ ಗೊತ್ತಾಗದವರು. ಇನ್ನು ರಾಹುಕಾಲ ಯಾವ ಲೆಕ್ಕ? ಮಡಿಲಿನ ಮಲ್ಲಿಗೆ ಆಗಲೇ ಬಿಸಿಯಾಗುತ್ತಿತ್ತು.

"ನೆಟ್ಟಗೆ ಹೋಗಿ ಅಂತಾಳೆ," ಎಂದೆ.

ತಳಕು ದಾಟುವಾಗ ಅವಳ ಒತ್ತಾಯ ಹೆಚ್ಚಾಯಿತು. ಹೊಲದ ದಾರಿ ಕಂಡಲ್ಲೆಲ್ಲ ಎಡಕ್ಕೆ ತಿರುಗಿ ಎನ್ನತೊಡಗಿದಳು. 'ಲೆಫ್ಟ್' ಎಂಬುದು ನಮ್ಮವರಿಗೂ ತಿಳಿಯುವ ಮಾತು. ಗಾಡಿ ನಿಧಾನವಾಯಿತು.

"ಲೆಫ್ಟ್ ಅಂದಂಗಾತಲ್ಲ?"

"ಹೌದ್ರೀ, ಲೆಫ್ಟ್ ಸೈಡಲ್ಲೇ ಹೋಗ್ಬೇಕಂತೆ. ಎದುರಿಗೆ ಲಾರಿ ಬರ್ತಾವಂತೆ."

ಅದೇ ಹೊತ್ತಿಗೆ ಶೇಂಗಾ ಹೇರಿದ ಲಾರಿಯೊಂದು ಧೂಳೆಬ್ಬಿಸುತ್ತಾ ಎದುರು ಬಂದು ಹೋಯಿತು.

"ಆಹಾಹಾ! ಲಾರಿ ಬರೋದೂ ಗೊತ್ತಾಗ್ತೈತೇನೇ ಅದಕ್ಕೆ!" ಎಂದು ಹ್ಯಾಂಡಲನ್ನು ತಟ್ಟಿದರು. ಹಾಗೆ ಅವರು ನನ್ನ ಬೆನ್ನು ತಟ್ಟಿದ ನೆನಪು ನನಗಿಲ್ಲ. ಆದರೆ ತಟ್ಟಿದ್ದು ನನ್ನ ರಬ್ಬರಿನ ಮೇಲೆಯೇ ಆದ್ದರಿಂದ ಸ್ವಲ್ಪ ಪಾಲು ನನಗೂ ಬಂತೆಂದುಕೊಂಡೆ.

ಮೊಳಕಾಲ್ಮೂರಿನ ಆಚೆ ಸಿದ್ದಾಪುರದ ಬಳಿ ಅಶೋಕ ಕೆತ್ತಿಸಿದ ಬಂಡೆಗಳಿವೆ. ತಂದೆತಾಯಿಯರ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆಯಿರಲಿ, ನಿಜವನ್ನೇ ನುಡಿಯಿರಿ ಎಂದು ಅವುಗಳಲ್ಲಿದೆಯೆಂದು ಓದಿದ್ದೇನೆ. ಅವುಗಳ ದಿಕ್ಕಿಗೇ ಹೊರಟ ಗಾಡಿಯ ಮೇಲೆ ಕೂತು ನಾನು ಹೀಗೆ ಸುಳ್ಳು ಹೇಳುತ್ತಿದ್ದೆ. ಆದರೆ ಒಂದು ಮಾತು ತೋಚಿತು. ಆ ಬರಹ ಈ ಊರಿನವರ ಭಾಷೆಯಲ್ಲ. ಎಲ್ಲಿಂದಲೋ ಬಂದ ಪ್ರಾಕೃತ. ಆಗಲೂ ಕುರಿ ಹೊಡೆದುಕೊಂಡು ಬಂದ ಗಂಡನೊಬ್ಬ ಬಂಡೆಯ ಮುಂದೆ ನಿಂತು "ಏನಂತೆ?" ಎಂದು ಕೇಳಿರಬೇಕು. ತಿಳಿದವರು ಯಾರೋ ಹೇಳಿರಬೇಕು. ಅವರು ಏನು ಹೇಳಿದರೋ ಕಂಡವರಾರು? ಬಿಸಿಲೇರುತ್ತಿತ್ತೋ, ಮನೆಯಲ್ಲಿ ಕೆಲಸವಿತ್ತೋ. "ಎಲ್ಲ ಸರಿಯಾಗೈತಂತೆ, ನಡಿ" ಎಂದಿದ್ದರೂ ಎಂದಿರಬಹುದು. ಚಕ್ರವರ್ತಿಗಳು ಕೆತ್ತಿಸಿ ಹೋಗುತ್ತಾರೆ. ದಿನ ಸಾಗಿಸುವವರು ದುಭಾಷಿಗಳು.

ಹೀಗೆ ದಾರಿಯುದ್ದಕ್ಕೂ ಅವಳು ಮನೆಗೆ ಹೋಗು ಎನ್ನುತ್ತಿದ್ದಳು. ನನಗೆ ಮಾತ್ರ ಕೇಳಿಸುತ್ತಿತ್ತು. ಕೇಳುತ್ತಾ ಕೇಳುತ್ತಾ ಅದು ಹೊಸ ದನಿ ಅನ್ನಿಸದೇ ಹೋಯಿತು. ಮದುವೆಯಾದಂದಿನಿಂದ ನಾನು ಹೊಸ್ತಿಲು ದಾಟಿದಾಗಲೆಲ್ಲ ಒಳಗೊಂದು ದನಿ ಇದನ್ನೇ ಹೇಳುತ್ತದೆ, ಕನ್ನಡದಲ್ಲಿ. ಗ್ಯಾಸು ಆರಿಸಿದೆಯಾ? ಹಿತ್ತಲ ಬಾಗಿಲು? ಅತ್ತೆಯವರ ಮಾತ್ರೆ? ಹಾಲಿಗೆ ಬೆಕ್ಕು ಬಾಯಿಟ್ಟರೆ? ಸಾಧ್ಯವಾದ ಕಡೆ ಹಿಂದಕ್ಕೆ ತಿರುಗು. ಅವತ್ತು ಮಾತ್ರ ಆ ದನಿ ನನ್ನ ಹೊರಗೆ, ಹ್ಯಾಂಡಲಿನ ಮೇಲೆ ಕೂತು ಹೇಳುತ್ತಿತ್ತು. ಅದಕ್ಕೆ ಏನು ಉತ್ತರ ಕೊಡಬೇಕೆಂಬುದು ನನ್ನ ಕೈಯಲ್ಲಿತ್ತು. ಸೊಂಟ ನೋಯುತ್ತಿತ್ತು, ಕಣ್ಣಿಗೆ ಧೂಳು ಬೀಳುತ್ತಿತ್ತು, ಆದರೂ ನಾನು ಕೂತಿದ್ದೆ. ಕೈಯಲ್ಲಿ ಸೌಟಿಲ್ಲದೆ, ಯಾರೂ ಏಳು ಎನ್ನದೆ. ನಮ್ಮವರು ಆಗಾಗ ಕಿವಿ ವಾಲಿಸಿ "ಏನಂತಾಳೆ?" ಎಂದು ಕೇಳುತ್ತಿದ್ದರು. ಇವರು ನನ್ನನ್ನು ಏನನ್ನಾದರೂ ಕೇಳಿ, ಉತ್ತರಕ್ಕೆ ಕಾದು, ಹಾಗೆಯೇ ನಡೆದುಕೊಂಡು ಎಷ್ಟು ಕಾಲವಾಗಿತ್ತೋ. ದಾರಿ ಇನ್ನೂ ಸ್ವಲ್ಪ ಉದ್ದವಿದ್ದರೂ ನನ್ನ ತಕರಾರಿರಲಿಲ್ಲ.

ಪುಷ್ಪಳ ಮನೆಯ ಬಾಗಿಲಲ್ಲಿ ಗಾಡಿ ನಿಂತಾಗ ಒಳಗೆ ಎಲ್ಲರೂ ಗಡಿಯಾರ ನೋಡುತ್ತಿದ್ದರು. ಸೌಮ್ಯ ಮಣೆಯ ಮೇಲಿದ್ದಳು. ಸೋದರತ್ತೆ ಹೂವಿನ ತಟ್ಟೆಯ ಪಕ್ಕದಲ್ಲೇ, ತಟ್ಟೆಗೆ ಕಾವಲೆಂಬಂತೆ ಕೂತಿದ್ದರು. ಬೀಗರ ಕಡೆಯ ಅಜ್ಜಿಯೊಬ್ಬರು ನನ್ನನ್ನು ನೋಡಿ, "ಏಮಮ್ಮಾ, ಇಪ್ಪುಡಾ ರಾವಡಂ?" ಎಂದು ತೆಲುಗಿನಲ್ಲಿ ಗದರಿದರು. ಈಗಲಾ ಬರುವುದು ಎಂದು. ಕೈ ತೊಳೆದು, ಬಿಸಿಯಾದ ಮಲ್ಲಿಗೆಯನ್ನು ಹಾಗೆಯೇ ಸೌಮ್ಯಳ ಜಡೆಗೆ ಇಟ್ಟೆ. ಅವಳು ತಲೆ ಬಗ್ಗಿಸಿಕೊಂಡೇ ನನ್ನ ಸೀರೆಯ ನೆರಿಗೆಯನ್ನು ಒಂದು ಕ್ಷಣ ಹಿಡಿದುಕೊಂಡಳು. ಆಮೇಲೆ ಬಿಟ್ಟಳು. ಅಷ್ಟೇ. ರಾಹುಕಾಲ ಬಂದರೆ ಬರಲಿ.

"ಬಾರಕ್ಕ, ಕುಂತ್ಕ," ಎಂದಳು ಪುಷ್ಪ. ನಮ್ಮ ಕಡೆ ಬಾ ಎಂದ ಮೇಲೆ ಕುಂತ್ಕ ಎನ್ನದೆ ಬಿಡುವುದಿಲ್ಲ. ವೈರಿ ಬಂದರೂ ಆ ಎರಡು ಮಾತು, ಒಂದು ಲೋಟ ನೀರು. ಕೂತೆ. ನೀರು ಬಾಯಿಗೆ ತಲುಪುವ ಮೊದಲೇ, "ಅಕ್ಕ, ಚಿತ್ರಾನ್ನಕ್ಕೆ ಉಪ್ಪು ಸರಿಯಾಗೈತಾ ನೋಡ್ಬಾ," ಎಂಬ ದನಿ ಅಡುಗೆಮನೆಯಿಂದ ಬಂತು. ಉಪ್ಪು ನೋಡಲು ಹೋದವಳು ಎಲೆ ಎತ್ತುವ ತನಕ ಅಲ್ಲೇ ಇದ್ದೆ.

ಇಳಿಹೊತ್ತಿಗೆ ಹೊರಟೆವು. ಮನೆಯ ಕಡೆ ಗಾಡಿ ತಿರುಗಿದ್ದೇ ತಡ, ಹ್ಯಾಂಡಲಿನ ಹೆಂಗಸು ತಣ್ಣಗಾದಳು. ಬೆಳಗಿನಿಂದ ಒಂದೇ ಮಾತು ಹೇಳಿ ಕಡೆಗೂ ಕೇಳಿಸಿಕೊಂಡವಳ ಸಮಾಧಾನ. ಅಲ್ಲೊಮ್ಮೆ ಇಲ್ಲೊಮ್ಮೆ ನೆಟ್ಟಗೆ ಎಂದಳು, ನಾನೂ ನೆಟ್ಟಗೆ ಎಂದೆ. ಬೆಳಗಿನಿಂದ ಅವಳೂ ನಾನೂ ಒಂದೇ ಮಾತಾಡಿದ್ದು ಆಗಲೇ. ಚಳ್ಳಕೆರೆಯೊಳಗೆ ಅವಳು ಹೇಳಿದ ತಿರುವೆಲ್ಲ ಸರಿ. ನಮ್ಮ ಗೇಟಿನ ಮುಂದೆ ಗಾಡಿ ನಿಲ್ಲುತ್ತಲೇ, ನೀವು ತಲುಪಿದ್ದೀರಿ, ಎಂದು ಗಂಟೆ ಹೊಡೆದಂತೆ ಸಾರಿದಳು.

"ನೋಡ್ದಾ?" ಎಂದರು ನಮ್ಮವರು, ಹೆಲ್ಮೆಟ್ಟು ತೆಗೆಯುತ್ತಾ. ಮುಖ ಧೂಳಿನಿಂದ ಕೆಂಪಾಗಿತ್ತು. ತಟ್ಟೆ ನೋಡುತ್ತಾ ಕೂತಿದ್ದ ಆ ರಾತ್ರಿಯ ಮುಖ ಅದಲ್ಲ. "ಹೋಗ್ತಾನೂ ತಪ್ಪಲಿಲ್ಲ, ಬರ್ತಾನೂ ತಪ್ಪಲಿಲ್ಲ. ನಿಂಗೇ ನಂಬ್ಕೆ ಇರ್ಲಿಲ್ಲ."

"ಹೌದ್ರೀ," ಎಂದೆ.

ಕುಕ್ಕರಿನ ರಬ್ಬರು ತರಲು ಅವರಿಗೆ ಮರೆತಿತ್ತು. ಒಳಗಿನಿಂದ ಅತ್ತೆಯವರು, "ಬಂದ್ಯಾ? ರಾತ್ರಿಗೆ ಏನ್ ಮಾಡ್ತೀಯಮ್ಮ?" ಎಂದರು. ನಾನು ಇಳಿದು, ಜೋಮು ಹಿಡಿದ ಕಾಲನ್ನು ನೆಲಕ್ಕೆ ಕುಟ್ಟುತ್ತಾ, ಗೇಟಿಗೆ ಕೈಯಾನಿಸಿ ನಿಂತೆ. ಪಕ್ಕದ ಮನೆಯ ತಿಪ್ಪಮ್ಮ ಕಟ್ಟೆಯ ಮೇಲೆ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಪೆಟ್ಟಿಗೆ ಮತ್ತೊಮ್ಮೆ ಮಾತಾಡಿತು.

"ಏನಂತೈತಕ್ಕ ಅದು?" ಎಂದಳು ತಿಪ್ಪಮ್ಮ.

ಈ ಸಲವೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಮನೆಗೆ ಬಂದ್ರಿ ಅಂತೈತೆ ಕಣೇ."

ತಿಪ್ಪಮ್ಮ ಮೊರದಿಂದ ಕಣ್ಣೆತ್ತಲಿಲ್ಲ. ಹೊಟ್ಟನ್ನು ಗಾಳಿಗೆ ಊದಿ, ಒಂದು ಕಲ್ಲನ್ನು ಆರಿಸಿ ಎಸೆದು ಹೇಳಿದಳು:

"ಬಂದ್ರಿ ಅನ್ನಾಕೆ ಬರ್ತೈತೆ, ಕುಂತ್ಕಳ್ರಿ ಅನ್ನಾಕೆ ಬರಲ್ವೇನಕ್ಕ ಅದಕ್ಕೆ?"