ಒಂದೇ ಏಟಿನ ಚಿತ್ರ

ಸಿನಿಮಾ ಸಾಯುವುದನ್ನು ಕಣ್ಣಾರೆ ಕಂಡವರು ಕಡಿಮೆ. ಬೀದಿಯವರೆಲ್ಲ ಕೊಡಲಿಯಕ್ಕ ಎಂದು ಕರೆಯುತ್ತಿದ್ದ ಹೆಂಗಸಿಗೆ ಅದು ನಿತ್ಯದ ಕೆಲಸವಾಗಿತ್ತು. ಚಿತ್ರವೊಂದರ ಪ್ರದರ್ಶನದ ಹಕ್ಕು ಮುಗಿದೊಡನೆ ಅದರ ಪ್ರಿಂಟುಗಳನ್ನು ಮತ್ತೆ ಯಾರೂ ಓಡಿಸದಂತೆ ನಾಶ ಮಾಡಬೇಕೆಂಬುದು ಕಂಪನಿಗಳ ಕಟ್ಟಳೆ. ಹಾಗೆ ಸಾಯಲು ಬಂದ ರೀಲುಗಳು ತಗಡಿನ ಡಬ್ಬಗಳಲ್ಲಿ ಅವಳ ಭಾವನ ಗುಜರಿ ಶೆಡ್ಡಿಗೆ ಬಂದಿಳಿಯುತ್ತಿದ್ದವು. ಕೆಲವು ದಿನ ಅಲ್ಲೇ ಬಿದ್ದಿದ್ದ ಮೇಲೆ ಕಂಪನಿಯ ಮನುಷ್ಯ ಬಂದು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ. ಅವನ ಕಣ್ಣೆದುರಿಗೇ ಅವಳು ರೀಲನ್ನು ಮರದ ದಿಮ್ಮಿಯ ಮೇಲೆ ಮಲಗಿಸಿ ಕೊಡಲಿ ಎತ್ತುತ್ತಿದ್ದಳು.

ಬಾಯಿ ಮೊಂಡಾದ ಕೊಡಲಿ. ಒಂದು ರೀಲಿಗೆ ಮೂರು ನಾಲ್ಕು ಏಟು ಬೀಳಬೇಕಾಗುತ್ತಿತ್ತು. ಚೆಲ್ಲಾಪಿಲ್ಲಿಯಾದ ತುಂಡುಗಳನ್ನು ಸಲಿಕೆಯಿಂದ ಬಾಚಿ ಹಿತ್ತಲ ತೊಟ್ಟಿಗೆ ಸುರಿದರೆ, ಅದರೊಳಗಿನ ಔಷಧಿ ಚಿತ್ರವನ್ನು ತಿಂದು ಫಿಲ್ಮಿನ ಲೇಪದಲ್ಲಿದ್ದ ಬೆಳ್ಳಿಯನ್ನು ಕಕ್ಕುತ್ತಿತ್ತು. ಬರಿದಾದ ಪಟ್ಟಿಗಳು ಅಂಗಿಯ ಕಾಲರಿಗೆ ಬಿಗುವು ಕೊಡಲು ಹೋಗುತ್ತಿದ್ದವು.

ಆ ಕೊಡಲಿ ಮೊದಲು ಅವಳ ಗಂಡನದು. ತೊಟ್ಟಿಯ ಹೊಗೆ ಅವನ ಎದೆಯನ್ನು ಒಳಗಿನಿಂದ ತಿಂದು ಮುಗಿಸಿದ ಮೇಲೆ ಭಾವ ಅದನ್ನು ತಂದು ಅವಳ ಕಾಲ ಬಳಿ ಎಸೆದ. ಕೂತು ತಿನ್ನುವ ಬಾಯಿ ತನ್ನ ಮನೆಯಲ್ಲಿಲ್ಲ ಎಂದ. ಭಾವನ ಕೈ ಅವನ ಮಾತಿಗಿಂತ ಮುಂದು. ಅವಳ ಎಡಗಿವಿ ಅವನ ಒಂದೇ ಏಟಿಗೆ ಹೋದದ್ದು ಮತ್ತೆ ಬರಲಿಲ್ಲ. ಅವನ ಹೆಂಡತಿಯ, ಅಂದರೆ ಅವಳ ಓರಗಿತ್ತಿಯ, ಮುಂಬಲ್ಲು ಅದಕ್ಕೂ ಮೊದಲೇ ಹೋಗಿತ್ತು. ಆ ಮನೆಯ ಹೆಂಗಸರು ಅಳುವುದನ್ನು ಎಂದೋ ಬಿಟ್ಟಿದ್ದರು. ಅತ್ತರೆ ಇನ್ನೊಂದು ಬೀಳುತ್ತಿತ್ತು.

ಅವಳಿಗೆ ಸಿನಿಮಾದ ಹುಚ್ಚು ಹಿಡಿದದ್ದು ಕೈಬೆರಳುಗಳಿಂದ. ನೂರಾರು ಸಲ ಓಡಿದ ರೀಲಿನ ಅಂಚು ಸವೆದಿರುತ್ತದೆ, ತೂತುಗಳು ಹರಿದಿರುತ್ತವೆ, ಮೈತುಂಬ ಗೀರು. ಒಮ್ಮೆ ಅವಳ ಬೆರಳಿಗೆ ಹೊಸ ಬಟ್ಟೆಯಷ್ಟು ನಯವಾದ ರೀಲೊಂದು ಸಿಕ್ಕಿತು. ಹಕ್ಕು ಮುಗಿದಿದೆ, ಆದರೆ ಮೈ ಮೇಲೆ ಒಂದು ಗೀರೂ ಇಲ್ಲ. ಕಿಟಕಿಯ ಬೆಳಕಿಗೆ ಹಿಡಿದಾಗ ಅವಳಿಗೆ ಹೊಳೆಯಿತು: ಇದು ಹಳೆಯದಾಗಲಿಲ್ಲ, ಇದನ್ನು ಯಾರೂ ನೋಡಲಿಲ್ಲ. ಯಾರೂ ನೋಡದ ಹಾಗೆ ಅದರಲ್ಲಿ ಏನಿತ್ತು ಎಂಬ ಪ್ರಶ್ನೆ ಅಂದು ಅವಳ ತಲೆಯನ್ನು ಹೊಕ್ಕಿತು.

ಬೀದಿಯ ತುದಿಯಲ್ಲಿ ಮುಚ್ಚಿಹೋದ ಟಾಕೀಸೊಂದಿತ್ತು. ಅದರ ಪ್ರೊಜೆಕ್ಟರ್ ಕೋಣೆಯಲ್ಲಿ ಹಳೆಯ ಆಪರೇಟರ್ ಕಾವಲುಗಾರನಾಗಿ ಉಳಿದುಕೊಂಡಿದ್ದ. ಚಿಕ್ಕದೊಂದು ಯಂತ್ರವೂ ಅವನೊಡನೆ ಉಳಿದಿತ್ತು. ಮಧ್ಯಾಹ್ನ ಭಾವ ನಿದ್ದೆಗೆ ಬಿದ್ದೊಡನೆ ಅವಳು ನಯವಾದ ರೀಲುಗಳನ್ನು ಚೀಲದಲ್ಲಿ ಹೊತ್ತು ಆ ಮೆಟ್ಟಿಲು ಹತ್ತತೊಡಗಿದಳು. ಕಿಟಕಿಗೆ ಕಂಬಳಿ ಬಿಗಿದು ಸುಣ್ಣದ ಗೋಡೆಯ ಮೇಲೆ ಚಿತ್ರ ಬಿಡುತ್ತಿದ್ದರು. ಎಲ್ಲವೂ ಚೆನ್ನಾಗಿದ್ದವೆಂದಲ್ಲ. ನಿರ್ಮಾಪಕನ ಅಳಿಯನನ್ನು ನಾಯಕ ಮಾಡಲು ತೆಗೆದವೂ ಅವುಗಳಲ್ಲಿದ್ದವು. ಅಂಥವನ್ನು ಕಂಡಾಗ ಆಪರೇಟರ್, ಇದಕ್ಕೆ ನಿನ್ನ ಕೊಡಲಿಯೇ ಮರ್ಯಾದೆ ತಾಯಿ, ಎಂದು ಯಂತ್ರ ನಿಲ್ಲಿಸಿಬಿಡುತ್ತಿದ್ದ. ಆದರೆ ಕಸದ ರಾಶಿಯಲ್ಲಿ ಆಗಾಗ ಕಿಡಿ ಸಿಗುತ್ತಿತ್ತು. ಕುರುಡ ಗಡಿಯಾರ ರಿಪೇರಿಯವನೊಬ್ಬ ಮಗನನ್ನು ಕೊಂದವನ ಗಡಿಯಾರವನ್ನು ಸದ್ದಿನಿಂದಲೇ ಗುರುತಿಸುವ ಚಿತ್ರ. ಜೈಲಿನ ಅಡುಗೆಯವಳು ಗಲ್ಲಿಗೇರುವವನಿಗೆ ಕೊನೆಯ ಊಟ ಬಡಿಸುತ್ತ ಒಂದು ಮಾತೂ ಆಡದ ಚಿತ್ರ. ನೋಡಿದ ಮೇಲೆ ಅವಳು ಅವನ್ನು ಡಬ್ಬಕ್ಕೆ ಸೇರಿಸಿ ಶೆಡ್ಡಿಗೆ ಮರಳಿಸುತ್ತಿದ್ದಳು. ಅವಳು ಕಳ್ಳಿಯಲ್ಲ. ಕಂಪನಿಯವನು ಬಂದ ದಿನ ಅದೇ ಕೈಯಿಂದ ಅವನ್ನೇ ಕಡಿಯುತ್ತಿದ್ದಳು. ನೋಡಿದ್ದೂ ಅವಳೇ, ಕೊಂದದ್ದೂ ಅವಳೇ.

ಹೀಗಿರುವಾಗ ಕಲ್ಲುಕ್ವಾರಿಯ ಚಿತ್ರ ಬಂತು. ರೀಲುಗಳು ಕನ್ನಡಿಯಷ್ಟು ನಯ. ಇಳಿಸಲು ಬಂದವನು, ಇದರ ಬೇರೆ ಪ್ರಿಂಟುಗಳೆಲ್ಲ ಆಗಲೇ ಮುಗಿದಿವೆ, ಉಳಿದಿರುವುದು ಇದೊಂದೇ ಎಂದು ಹೇಳಿಹೋದ. ಚಿತ್ರದಲ್ಲಿ ಕಲ್ಲೊಡೆಯುವ ಹೆಂಗಸೊಬ್ಬಳು. ಮೇಸ್ತ್ರಿ ಅವಳನ್ನು ಎಲ್ಲರೆದುರು ಹೊಡೆಯುತ್ತಾನೆ, ದಿನವೂ ಹೊಡೆಯುತ್ತಾನೆ, ಸುತ್ತಲಿನವರು ಸುತ್ತಿಗೆಯ ತಾಳ ತಪ್ಪಿಸುವುದಿಲ್ಲ. ಕೊನೆಯ ರೀಲಿನಲ್ಲಿ ಬಂಡೆಗೆ ಮದ್ದು ತುಂಬಿ ಬತ್ತಿಗೆ ಬೆಂಕಿ ಇಟ್ಟು ಎಲ್ಲರೂ ಓಡುತ್ತಾರೆ. ಅವಳು ಓಡುವುದಿಲ್ಲ. ಬಂಡೆಯ ಮೇಲೆಯೇ ಕೂತುಬಿಡುತ್ತಾಳೆ. ಬತ್ತಿ ಉರಿಯುತ್ತಾ ಹತ್ತಿರ ಬರುತ್ತದೆ.

ಅಷ್ಟರಲ್ಲಿ ಕೋಣೆಯ ಬಾಗಿಲು ಒಡೆದು ಭಾವ ಒಳಗೆ ಬಂದ.

ಗುಟ್ಟು ತಿಳಿದಿದ್ದ ಓರಗಿತ್ತಿಯ ತೋಳು ತಿರುಚಿ ಅವನು ವಿಷಯ ಕಕ್ಕಿಸಿದ್ದ. ಪ್ರಿಂಟು ಶೆಡ್ಡಿನಿಂದ ಹೊರಗೆ ಹೋಗಿದೆಯೆಂದು ಕಂಪನಿಗೆ ತಿಳಿದರೆ ಕೆಲಸವೇ ಕೈಬಿಡುತ್ತದೆ ಎಂಬುದು ಅವನ ಸಿಟ್ಟಿಗೆ ಒಂದು ಕಾರಣ. ತಮ್ಮನ ಹೆಂಡತಿ ಕತ್ತಲೆ ಕೋಣೆಯಲ್ಲಿ ಪರಗಂಡಸಿನ ಜೊತೆ ಕೂತಿದ್ದಾಳೆ ಎಂಬುದು ಇನ್ನೊಂದು. ಅವನು ಡಬ್ಬದ ಮುಚ್ಚಳದಿಂದ ಆಪರೇಟರನ ಹಣೆಗೆ ಬೀಸಿದ. ಚರ್ಮ ಬಾಯಿಬಿಟ್ಟಿತು. ಓಡುತ್ತಿದ್ದ ಯಂತ್ರವನ್ನು ಒದ್ದು ಮೆಟ್ಟಿಲಿನಿಂದ ಕೆಳಗುರುಳಿಸಿದ. ದೀಪ ಸಿಡಿಯಿತು, ಗೋಡೆಯ ಮೇಲಿನ ಹೆಂಗಸು ಇಲ್ಲವಾದಳು. ಆಮೇಲೆ ಯಂತ್ರದಲ್ಲಿದ್ದ ರೀಲನ್ನು ಹಿಂದಕ್ಕೆ ಸುತ್ತಿಸಿ, ಎಲ್ಲವನ್ನೂ ಚೀಲದಲ್ಲಿ ಅವಳಿಂದಲೇ ಹೊರಿಸಿ, ಅವಳ ಜುಟ್ಟು ಹಿಡಿದು, ಬೀದಿಯುದ್ದಕ್ಕೂ ಬಾಗಿಲುಗಳು ತೆರೆದು ಮುಚ್ಚಿಕೊಳ್ಳುತ್ತಿರಲು, ಶೆಡ್ಡಿನವರೆಗೆ ಎಳೆದುಕೊಂಡು ಹೋದ.

ಮಂಡಿ ಸುಲಿದು ರಕ್ತ ಸುರಿಯುತ್ತಿದ್ದರೂ ಅವಳ ತಲೆಯಲ್ಲಿದ್ದದ್ದು ಒಂದೇ: ಬಂಡೆಯ ಮೇಲಿನ ಹೆಂಗಸು ಎದ್ದಳೇ? ಜಗತ್ತಿನಲ್ಲಿ ಅದಕ್ಕೆ ಉತ್ತರವಿದ್ದದ್ದು ಆ ರೀಲೊಂದರಲ್ಲಿ. ಅದನ್ನು ನಾಳೆ ಅವಳೇ ಕಡಿಯಬೇಕಿತ್ತು.

ಬೆಳಗ್ಗೆ ಕಂಪನಿಯ ಮನುಷ್ಯ ಬಂದು ಕೂತ. ಅವಳು ಕೊಡಲಿಯನ್ನು ಎತ್ತದೆ ಸಾಣೆಕಲ್ಲಿನ ಮುಂದೆ ಕೂತಳು. ನೀರು ಚಿಮುಕಿಸಿ, ಒಂದೇ ಸಮನೆ ಮಸೆದಳು. ಇಷ್ಟು ವರ್ಷ ಇಲ್ಲದ ಭಕ್ತಿ ಇಂದೇಕೆ ಎಂದು ಭಾವ ಹಂಗಿಸಿದ. ಅವಳು ಹೆಬ್ಬೆರಳಿನಿಂದ ಕೊಡಲಿಯ ಬಾಯಿ ನೋಡಿಕೊಂಡು ಎದ್ದಳು.

ರೀಲನ್ನು ಕಡಿದವರಿಗಷ್ಟೇ ತಿಳಿದ ವಿಷಯವೊಂದಿದೆ. ಸುತ್ತಿದ ಫಿಲ್ಮಿನ ಮೇಲೆ ಮೂರು ನಾಲ್ಕು ಏಟು ಬಿದ್ದರೆ ಅದು ಹೊಟ್ಟಾಗುತ್ತದೆ. ನಡುವಿನ ತೂತಿನಿಂದ ಅಂಚಿನವರೆಗೆ ಒಂದೇ ಏಟು, ಹರಿತವಾದ ಏಟು, ನೇರವಾಗಿ ಬಿದ್ದರೆ, ಪ್ರತಿ ಸುತ್ತೂ ಒಂದು ಕಡೆ ಮಾತ್ರ ತುಂಡಾಗುತ್ತದೆ. ತುಂಡುಗಳು ಈರುಳ್ಳಿಯ ಪದರಗಳ ಹಾಗೆ ಒಂದರೊಳಗೊಂದು, ಹೊರಗಿನಿಂದ ಒಳಕ್ಕೆ, ತಮ್ಮ ತಮ್ಮ ಸರದಿಯಲ್ಲೇ ಮಲಗಿರುತ್ತವೆ. ಚಿತ್ರ ಸತ್ತಿರುತ್ತದೆ, ಆದರೆ ಮೂಳೆ ಕದಲಿರುವುದಿಲ್ಲ.

ಅವಳು ಒಂದೊಂದು ರೀಲಿಗೆ ಒಂದೊಂದೇ ಏಟು ಹಾಕಿದಳು. ದಿಮ್ಮಿ ನಡುಗಿತು. ಸೀಳು ಗೆರೆ ಎಳೆದಂತಿತ್ತು. ಕಂಪನಿಯ ಮನುಷ್ಯ ಬಗ್ಗಿ ನೋಡಿ, ಮುಗಿಯಿತು ಎಂದು ಹೊರಟುಹೋದ. ಅವಳು ರೀಲುಗಳನ್ನು ಕದಲಿಸದೆ ಬಟ್ಟೆಯ ಪಟ್ಟಿಗಳಿಂದ ಬಿಗಿಯತೊಡಗಿದಳು.

"ಏನ್ ಮಾಡ್ತಿದೀಯ? ತೊಟ್ಟಿಗೆ ಹಾಕು," ಎಂದ ಭಾವ.

"ಕೊಲ್ಲು ಅಂದ್ರು, ಕೊಂದೆ. ಹೆಣ ನಂದು."

ಅವನು ಮೊದಲು ಅವಳ ಬಾಯಿಗೆ ಹೊಡೆದ. ಬಿದ್ದವಳ ಪಕ್ಕೆಗೆ ಒದ್ದ. ಒಳಗೆ ಏನೋ ಲಟಕ್ಕೆಂದಿತು. ಓರಗಿತ್ತಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಅವನು ದಿಮ್ಮಿಯ ಮೇಲೆ ಉಳಿದಿದ್ದ ಕೊನೆಯ ರೀಲಿಗೆ ಕೈ ಹಾಕಿದ. ಅವಳು ಎದ್ದದ್ದು ಅವನಿಗೆ ಕಾಣಲಿಲ್ಲ. ಕೊಡಲಿ ಅವನ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ತೊಗಲನ್ನು ಸೀಳಿ, ರೀಲಿಗೆ ತಾಗದೆ, ಮರದೊಳಕ್ಕೆ ಇಳಿದು ನಿಂತಿತು. ರಕ್ತ ಕೊಂಚ ತಡೆದು ಬಂತು, ಆಮೇಲೆ ದಂಡಿಯಾಗಿ ಬಂತು.

ಅವಳ ಏಟು ಗುರಿ ತಪ್ಪಿದ್ದನ್ನು ಅವನು ಎಂದೂ ನೋಡಿರಲಿಲ್ಲ. ಇದೂ ತಪ್ಪಿಲ್ಲವೆಂದು, ಬಯಸಿದ್ದಲ್ಲಿಯೇ ಬಿದ್ದಿದೆಯೆಂದು ಅವನಿಗೆ ಅರ್ಥವಾಯಿತು.

"ಇನ್ನೊಂದು ಏಟು ಹಾಕಿಸ್ಬೇಡಿ ಭಾವ," ಎಂದಳು ಅವಳು. ತುಟಿ ಒಡೆದಿದ್ದರಿಂದ ಮಾತು ತೊದಲುತ್ತಿತ್ತು. ಕೊಡಲಿಯನ್ನು ದಿಮ್ಮಿಯಿಂದ ಕಿತ್ತುಕೊಂಡು, ರೀಲುಗಳನ್ನು ಚೀಲಕ್ಕೆ ತುಂಬಿ ಹೊರಟಳು. ಆ ಮನೆಯ ಹೊಸ್ತಿಲನ್ನು ಮತ್ತೆ ತುಳಿಯಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವಳು ಸೌದೆ ಮಂಡಿಯಲ್ಲಿ ಸೌದೆ ಸೀಳಿ ಹೊಟ್ಟೆ ಹೊರೆದಳು. ಪಕ್ಕೆಯ ಮೂಳೆ ವಕ್ರವಾಗಿಯೇ ಕೂಡಿಕೊಂಡಿತು. ಆಪರೇಟರ್ ಹಣೆಯ ಗಾಯ ಮಾಗಿಸಿಕೊಂಡು ಗುಜರಿಗಳಿಂದ ಯಂತ್ರದ ಭಾಗ ಹೆಕ್ಕಿ ತಂದ. ಕೆಲಸ ಮುಗಿಸಿ ಬಂದು ಅವಳು ರೀಲಿನ ಪದರ ಒಂದೊಂದನ್ನೇ ಬಿಡಿಸಿ, ಬ್ಲೇಡಿನಿಂದ ತುದಿ ಕೆರೆದು, ಅಂಟು ಸವರಿ, ಉಸಿರು ಬಿಗಿಹಿಡಿದು ಮುಂದಿನದಕ್ಕೆ ಕೂಡಿಸುತ್ತಿದ್ದಳು. ಒಂದು ರೀಲಿಗೆ ನೂರಾರು ಅಂಟು. ಕೊನೆಯ ರೀಲನ್ನು ಮೊದಲು ಅಂಟಿಸಿ ಅಂತ್ಯ ನೋಡಿಬಿಡೋಣ ಎಂದು ಆಪರೇಟರ್ ಆಸೆ ತೋರಿಸಿದಾಗ ಅವನನ್ನು ಗದರಿದಳು. ಕಡಿದದ್ದು ಸರದಿಯಲ್ಲಿ, ಕೂಡಿಸುವುದೂ ಸರದಿಯಲ್ಲೇ.

ಕೊನೆಗೆ ಒಂದು ಮಧ್ಯಾಹ್ನ ಕಂಬಳಿ ಮತ್ತೆ ಕಿಟಕಿಗೇರಿತು. ಸೌದೆ ಮಂಡಿಯ ನಾಲ್ಕಾರು ಜನ ಬೆಂಚಿನ ಮೇಲೆ ಕೂತಿದ್ದರು. ಚಿತ್ರ ಶುರುವಾದ ಮೇಲೆ ಓರಗಿತ್ತಿ ಮೆಟ್ಟಿಲು ಹತ್ತಿ ಬಂದು ಬಾಗಿಲ ಸಂದಿಯಲ್ಲಿ ನಿಂತಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಗಂಡನ ಬಲಗೈ ಮಡಚಲು ಬಾರದಾದ ಮೇಲೆ ಎಡಗೈ ಪಳಗಿದೆ ಎಂದಳು. ಕೊಡಲಿಯಕ್ಕ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

ಅಂಟು ಬಂದಾಗಲೆಲ್ಲ ಟಪ್ ಎಂಬ ಸದ್ದಾಗಿ ಚಿತ್ರ ಬೆಚ್ಚುತ್ತಿತ್ತು, ಓರಗಿತ್ತಿಯೂ ಬೆಚ್ಚುತ್ತಿದ್ದಳು. ರೀಲಿನ ಹೊರಸುತ್ತು ಉದ್ದ, ಒಳಸುತ್ತು ಗಿಡ್ಡ. ಹಾಗಾಗಿ ರೀಲಿನ ಮೊದಲಲ್ಲಿ ಆ ಸದ್ದು ಒಂದೊಂದು ಉಸಿರಿಗೊಮ್ಮೆ ಬರುತ್ತಿತ್ತು, ಒಳಗೊಳಗೆ ಹೋದಂತೆ ಹತ್ತಿರ ಹತ್ತಿರವಾಗುತ್ತಿತ್ತು.

"ಏನೇ ಇದು, ಯಾರೋ ಹೊಡೆದ ಹಾಗೆ."

"ನಾನೇ ಹೊಡೆದದ್ದು ಅಕ್ಕ. ಕೊನೆಗೆ ಬೇಗ ಬೇಗ ಬರುತ್ತೆ. ಕಣ್ಣು ಮುಚ್ಬೇಡ."

ಕೊನೆಯ ರೀಲು. ಎಲ್ಲರೂ ಓಡಿದರು, ಹೆಂಗಸು ಬಂಡೆಯ ಮೇಲೆ ಕೂತಳು. ಟಪ್, ಟಪ್. ಬತ್ತಿ ಹತ್ತಿರ ಬಂತು. ದೂರದಿಂದ ಮೇಸ್ತ್ರಿ ಬೈಯುತ್ತಾ ಓಡಿಬಂದ, ಅವಳನ್ನು ಎಳೆದೊಯ್ಯಲೆಂದು ತೋಳಿಗೆ ಕೈ ಹಾಕಿದ. ಅವಳು ಅವನ ಮಣಿಕಟ್ಟನ್ನು ಹಿಡಿದುಕೊಂಡಳು. ಅವನು ಜಗ್ಗಿದ, ಒದ್ದ, ಮುಖಕ್ಕೆ ಗುದ್ದಿದ. ಏಟಿನ ಸದ್ದಾವುದು, ಅಂಟಿನ ಸದ್ದಾವುದು, ಬೇರ್ಪಡಿಸಲಾಗದಂತೆ ಎರಡೂ ಒಟ್ಟಿಗೆ ಬೀಳತೊಡಗಿದವು, ಎದೆಬಡಿತಕ್ಕಿಂತ ಬೇಗ. ಹಿಡಿತ ಸಡಿಲವಾಗಲಿಲ್ಲ. ಅಲ್ಲಿಗೇ ಚಿತ್ರ ಮುಗಿದು ಗೋಡೆ ಬೆಳ್ಳಗಾಯಿತು. ಬಾಲ ಕಳಚಿದ ಫಿಲ್ಮು ಚಕ್ರಕ್ಕೆ ಪಟಪಟನೆ ಬಡಿಯುತ್ತಿತ್ತು.

ಓರಗಿತ್ತಿ ಊದಿದ ಕಣ್ಣಿನ ನೀರು ಒರೆಸಿಕೊಳ್ಳಲಿಲ್ಲ.

"ಬಿಟ್ಟಳಾ?" ಎಂದು ಕೇಳಿದಳು.

"ಬಿಡಲಿಲ್ಲ."

"ಸರಿಯಾಗಿ ನೋಡಿದ್ಯಾ?"

ಕೊಡಲಿಯಕ್ಕ ಆಪರೇಟರನ ಕಡೆ ತಿರುಗಿ, ಆ ರೀಲನ್ನು ಹಿಂದಕ್ಕೆ ಸುತ್ತಿ ಇನ್ನೊಮ್ಮೆ ಹಾಕುವಂತೆ ಹೇಳಿದಳು. ಓರಗಿತ್ತಿ ಚಪ್ಪಲಿ ಕಳಚಿ, ಕಾಲು ಮಡಚಿ, ಬೆಂಚಿನ ಮೇಲೆ ಭದ್ರವಾಗಿ ಕೂತಳು.