ಅಣ್ಣನ ಕಾರಿನ ಇಂಜಿನ್

ಟ್ಯಾಕ್ಸಿ ಓಡಿಸುವ, ಸ್ಟ್ಯಾಂಡಿನವರೆಲ್ಲ 'ಐದನೇ ಗೇರು' ಅಂತಲೇ ಕರೆಯುವ ಅವನು ಬಾಯಿ ಬಿಟ್ಟರೆ ಎರಡು ಕಾರಿನ ಮಾತೇ. ಒಂದು ಅವನ ಬೂದು ಕಾರು, ಇನ್ನೊಂದು ತೀರಿಹೋದ ಅಣ್ಣನ ಬಿಳಿ ಕಾರು. ಒಂದೇ ಕಂಪನಿಯವು, ಎರಡೂ ಮುದಿ. "ನಂದು ಸಾವಿರದೈನೂರು ಸಿ.ಸಿ., ನಾಲ್ಕೇ ಗೇರು. ಆದ್ರೆ ತಗಡು ನೋಡ್ರಿ, ಗುದ್ದಿದ್ರೆ ಗೋಡೆನೇ ಬೀಳಬೇಕು! ಅಣ್ಣಂದು ಸಾವಿರದೆಂಟುನೂರು, ಐದು ಗೇರು, ಡಿಸ್ಕ್ ಬ್ರೇಕು. ಆದ್ರೂ ಏರಿನಲ್ಲಿ ನಂದೇ ಮುಂದು" ಅಂತ ಸ್ಟ್ಯಾಂಡಿನಲ್ಲಿ ಕೊಚ್ಚಿಕೊಳ್ಳುತ್ತಿದ್ದ. ಚಿಕ್ಕ ಇಂಜಿನ್ನು ದೊಡ್ಡದನ್ನ ಹಿಂದೆ ಹಾಕೋದು ಹೇಗಯ್ಯಾ ಅಂತ ಒಬ್ಬನಾದರೂ ಕೇಳಬೇಡವೇ?

ನಾಲ್ಕು ವರ್ಷದ ಹಿಂದೆ ಅಣ್ಣ ಆಸ್ಪತ್ರೆ ಸೇರಿದ್ದಾಗ ಇವನು ಎರಡೂ ಇಂಜಿನ್ ಇಳಿಸಿ ಅದಲುಬದಲು ಮಾಡಿಬಿಟ್ಟಿದ್ದ. ಇವನದು ಹೊಗೆ ಕಾರುತ್ತಿತ್ತು, ಗಿರಾಕಿಗಳು ಮೂಗು ಮುರಿಯುತ್ತಿದ್ದರು. ಅಣ್ಣನದು ಸುಮ್ಮನೆ ನಿಂತಿತ್ತು. ಅವನು ಎದ್ದು ಓಡಾಡೋ ಹೊತ್ತಿಗೆ ವಾಪಸ್ ಕೂರಿಸಿದರಾಯ್ತು ಅಂದುಕೊಂಡ. ಅಣ್ಣ ಮನೆಗೆ ಬಂದ ಎಂಟೇ ದಿನಕ್ಕೆ ತೀರಿಕೊಂಡ. ಅತ್ತಿಗೆ ಬಿಳಿ ಕಾರಿನಲ್ಲಿ ಶಾಲೆ ಮಕ್ಕಳನ್ನು ಕರೆದೊಯ್ದು ಸಂಸಾರ ನಡೆಸತೊಡಗಿದಳು. "ಯಾಕೋ ಎಳೆಯೋದೇ ಇಲ್ಲ ಕಣೋ" ಅಂದಾಗಲೆಲ್ಲ ಇವನು "ವಯಸ್ಸಾಯ್ತಲ್ಲ ಅತ್ತಿಗೆ" ಅಂತ ತೇಲಿಸಿಬಿಡುತ್ತಿದ್ದ. ಪಾಪಿ!

ಈಗ ಹಳೇ ಗಾಡಿಗಳಿಗೆಲ್ಲ ತಪಾಸಣೆ ಬಂತು. ಇಂಜಿನ್ ನಂಬರು ಕಾಗದದ ಜೊತೆ ಹೊಂದದಿದ್ದರೂ ಫೇಲು, ಫೇಲಾದದ್ದು ಸೀದಾ ಗುಜರಿಗೆ. ಇಂಜಿನ್ ವಾಪಸ್ ಕೂರಿಸೋಣವೆಂದರೆ ಬಿಳಿ ಕಾರು ಎರಡು ದಿನ ಕೈಗೆ ಸಿಗಬೇಕು, ಯಾಕೆ ಅಂತ ಅತ್ತಿಗೆಗೆ ಹೇಳಬೇಕು. ಇವತ್ತು ನಾಳೆ ಅಂತ ಮುಂದೂಡುತ್ತಲೇ ಹೋದ. ಕಡೇ ದಿನ ಬೆಳಿಗ್ಗೆ ಎರಡೂ ಇಂಜಿನ್ನಿನ ನಂಬರಿನ ಮೇಲೆ ಗ್ರೀಸು ಮೆತ್ತಿ, ಅತ್ತಿಗೆಯ ಹಿಂದೆಯೇ ತಪಾಸಣೆ ಅಂಗಳಕ್ಕೆ ಹೋದ.

ಬೂದು ಕಾರಿನ ಬ್ರೇಕು ಪಾಸು, ದೀಪ ಪಾಸು, ಹೊಗೆಯೂ ಪಾಸು. ಇನ್ಸ್‌ಪೆಕ್ಟರು ಬಾನೆಟ್ ಎತ್ತಿ ಬಟ್ಟೆ ಕೇಳಿದರು.

"ಸಾಹೇಬ್ರೇ, ಕೈ ಕೊಳೆಯಾಗುತ್ತೆ, ಬಿಡಿ."

"ನನ್ನ ಕೈ ಕಣ್ರೀ, ನಿಮಗೇನು?"

ಒರೆಸಿದರು. ನಂಬರು ಓದಿದರು. ಕಾಗದ ನೋಡಿದರು. ಪಕ್ಕದ ಬಿಳಿ ಕಾರಿನದೂ ಒರೆಸಿದರು.

"ಇದರದು ಅದರಲ್ಲಿ, ಅದರದು ಇದರಲ್ಲಿ. ಎರಡೂ ಫೇಲು."

"ಎರಡು ದಿನ ಟೈಮ್ ಕೊಡಿ, ನಿಮ್ಮ ಕಾಲು ಹಿಡ್ಕೋತೀನಿ! ಎರಡು ಮನೆ ಬೀದಿಗೆ ಬೀಳ್ತವೆ!" ಐದನೇ ಗೇರು ನಿಜಕ್ಕೂ ನೆಲಕ್ಕೆ ಕುಸಿದ. ಕಡೇ ದಿನ ಅಂದರೆ ಕಡೇ ದಿನ ಎಂದು ಇನ್ಸ್‌ಪೆಕ್ಟರು ಎರಡೂ ಗಾಜಿಗೆ ಕೆಂಪು ಚೀಟಿ ಅಂಟಿಸಿ ನಡೆದರು.

ಅತ್ತಿಗೆ ಕೂಗಾಡಲಿಲ್ಲ. ಬೈದಿದ್ದರೆ, ಎರಡು ಬಾರಿಸಿದ್ದರೆ ಇವನಿಗೆ ಎಷ್ಟೋ ನಿರಾಳವಾಗುತ್ತಿತ್ತು. ಅವಳು ಬಿಳಿ ಕಾರಿನ ತೆರೆದ ಬಾನೆಟ್ಟಿನೊಳಗೇ ನೋಡುತ್ತ ಕೇಳಿದಳು:

"ಅವರು ಆಸ್ಪತ್ರೇಲಿ ಇದ್ದಾಗಲೇ ಬದಲಾಯಿಸಿದ್ದಾ?"

"ಹೂಂ, ಅತ್ತಿಗೆ."

"ಮನೆಗೆ ಇದರಲ್ಲೇ ಕರ್ಕೊಂಡು ಬಂದೆ. ದಾರೀಲಿ ಕಿವಿಗೊಟ್ಟು ಕೇಳಿ, 'ಇದು ನನ್ನ ಇಂಜಿನ್ ಅಲ್ಲ ಕಣೇ' ಅಂದ್ರು. ಮನೆ ಮುಟ್ಟೋವರೆಗೂ ಅದನ್ನೇ ಅಂದ್ರು. ಜ್ವರ ತಲೆಗೇರಿ ಬಡಬಡಿಸ್ತಿದ್ದಾರೆ ಅಂತ ನಾನು ಗದರಿಸಿ ಬಾಯಿ ಮುಚ್ಚಿಸಿದೆ. ಆಮೇಲೆ ಅವರು ನನ್ನ ಹತ್ರ ಮಾತೇ ಆಡ್ಲಿಲ್ಲ ಕಣೋ."