ಒಂದು ದಿನ ಬಿಟ್ಟು ಒಂದು ದಿನ

ದ್ರಾಕ್ಷಿಗೆ ಬರುವ ಡೌನಿ ರೋಗದ ಬಗ್ಗೆ ನಮ್ಮ ಕಾಕಾನಿಗೆ ಎಷ್ಟು ಗೊತ್ತಿತ್ತೋ ಅದರ ಕಾಲು ಭಾಗವೂ ನನಗೆ ಕ್ಯಾನ್ಸರ್ ಬಗ್ಗೆ ಗೊತ್ತಿರಲಿಲ್ಲ. ವ್ಯತ್ಯಾಸ ಇಷ್ಟೇ: ಕಾಕಾ ತನಗೆ ಗೊತ್ತಿದ್ದದ್ದನ್ನು ಯಾರಾದರೂ ಕೇಳಿದರೆ ಹೇಳುತ್ತಿದ್ದ, ನಾನು ಕೇಳದವರಿಗೂ ಹೇಳುತ್ತಿದ್ದೆ.

ಕಾಕಾ ಅಂದರೆ ಅಪ್ಪನ ತಮ್ಮ. ಇಂಡಿಯಿಂದ ಚಡಚಣದ ಕಡೆ ಹೋಗುವಾಗ ರಸ್ತೆಗೆ ಹತ್ತಿಕೊಂಡೇ ಅವನ ದ್ರಾಕ್ಷಿ ತೋಟ, ತೋಟದಲ್ಲೇ ಮನೆ. ನನ್ನದು ಇಂಡಿಯಲ್ಲಿ ಒಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ. ಓದಿದ್ದು ಬಿ.ಕಾಂ. ಜೀವಕೋಶ ಅನ್ನುವ ಶಬ್ದ ಸಾಲೆ ಬಿಟ್ಟ ಮೇಲೆ ಮತ್ತೆ ಸಿಕ್ಕಿದ್ದು ಫೋನಿನಲ್ಲಿ. ಗಿರಾಕಿ ಇಲ್ಲದಾಗ ಒಂದು ವಿಡಿಯೋ ನೋಡಿದೆ, ಅದರಿಂದ ಇನ್ನೊಂದು, ಆಮೇಲೆ ಇಂಗ್ಲಿಷ್ ಲೇಖನಗಳು. ತಿಳಿಯದ ಶಬ್ದಗಳನ್ನು ಬಿಲ್ ಪುಸ್ತಕದ ಹಿಂದೆ ಬರೆದುಕೊಳ್ಳುತ್ತಿದ್ದೆ. ಒಂದು ಕೋಶ ಸಾಯಬೇಕಾದ ಹೊತ್ತಿಗೆ ಸಾಯದೆ ಒಡೆದೊಡೆದು ಬೆಳೆಯುತ್ತದೆ ಅನ್ನುವುದನ್ನು ಮೊದಲ ಸಲ ಓದಿದ ದಿನ ಊಟ ಮಾಡುವುದನ್ನೇ ಮರೆತಿದ್ದೆ. ಅಷ್ಟು ಹುಚ್ಚು ಹಿಡಿದಿತ್ತು.

ಕಾಕಾನಿಗೆ ಕೆಮ್ಮು ಶುರುವಾದದ್ದು ಆ ಹುಚ್ಚಿನ ಎರಡನೇ ವರ್ಷ. ಬೀಡಿ ಮುಟ್ಟಿದವನಲ್ಲ, ಎಲೆ ಅಡಿಕೆ ಕೂಡ ಇಲ್ಲ. ತೋಟಕ್ಕೆ ಗಂಧಕದ ಪುಡಿ ಹೊಡೆದದ್ದಕ್ಕೆ ಕೆಮ್ಮು ಅಂದುಕೊಂಡು ನಾಲ್ಕು ತಿಂಗಳು ಕಳೆದ. ಕೊನೆಗೆ ಸೊಲ್ಲಾಪುರದ ದೊಡ್ಡ ದವಾಖಾನೆಯಲ್ಲಿ ಎದೆಯೊಳಗಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಶ್ವಾಸಕೋಶದ ಕ್ಯಾನ್ಸರ್ ಅಂತ ಬಂತು. ಜೊತೆಗೆ ಇನ್ನೊಂದು ಮಾತೂ ಬಂತು: ಬೆಳೆ ಎಂದು ಕೋಶಕ್ಕೆ ಹೇಳುವ ಗುಂಡಿಯೊಂದು ಇವನಲ್ಲಿ ಒತ್ತಿದಂತೆಯೇ ಸಿಕ್ಕಿಹಾಕಿಕೊಂಡಿದೆ, ಆ ಗುಂಡಿಯನ್ನೇ ಹಿಡಿದು ನಿಲ್ಲಿಸುವ ಗುಳಿಗೆ ಇದೆ, ದಿನಕ್ಕೊಂದು ತಗೊಂಡರೆ ಸಾಕು.

ಮನೆಯವರೆಲ್ಲ ಅಳುತ್ತಿದ್ದರು. ನಾನೊಬ್ಬ, ಹೇಳಲು ನಾಚಿಕೆಯಾಗುತ್ತದೆ, ಒಳಗೊಳಗೇ ಕುಣಿಯುತ್ತಿದ್ದೆ. ನಾನು ಓದಿದ್ದು ನಮ್ಮ ಮನೆಗೇ ಬಂದಿತ್ತು.

ಗುಳಿಗೆ ಕೆಲಸ ಮಾಡಿತು. ಮೂರನೇ ವಾರಕ್ಕೆ ಕೆಮ್ಮು ನಿಂತಿತು. ಎರಡು ತಿಂಗಳಿಗೆ ಕಾಕಾ ಬಳ್ಳಿ ಕಟ್ಟಲು ಏಣಿ ಹತ್ತಿದ. ಸ್ಕ್ಯಾನ್‌ನಲ್ಲಿ ಗಡ್ಡೆ ಅರ್ಧಕ್ಕಿಂತ ಕಡಿಮೆಯಾಗಿತ್ತು. ಅವನ ಮೊದಲಿನ ಸ್ಕ್ಯಾನು, ಈಗಿನ ಸ್ಕ್ಯಾನು ಎರಡನ್ನೂ ಫೋನಿನಲ್ಲಿ ಇಟ್ಟುಕೊಂಡು ತಿರುಗಿದೆ. ಮುದ್ದೇಬಿಹಾಳದಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ತೋರಿಸಿದೆ. ಸಿಂದಗಿಗೆ ಬಿಡಿಭಾಗ ತರಲು ಹೋದಾಗ ಅಂಗಡಿಯವನಿಗೆ ತೋರಿಸಿದೆ. ಬಾಗೇವಾಡಿಯ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಪರಿಚಯವಿಲ್ಲದ ಮನುಷ್ಯನಿಗೂ ತೋರಿಸಿದೆ.

ಕಾಕಾ ನನ್ನನ್ನು ಡಾಕ್ಟರ್ ಅಂತಲೇ ಕರೆಯಲು ಶುರುಮಾಡಿದ. ತೋಟದ ಗೇಟಿನಲ್ಲಿ ನನ್ನ ಗಾಡಿ ನಿಂತರೆ ಸಾಕು, "ಏ, ಚಾ ಇಡ್ರಿ, ಇಂಡಿ ಡಾಕ್ಟರ್ ಸಾಹೇಬ್ರ ಬಂದಾರ. ಮೊಬೈಲಿನ ಎದಿ ಬಿಚ್ಚಿ ನೋಡಾವ್ರು!" ಅಂತ ಒಳಗೆ ಕೂಗುತ್ತಿದ್ದ.

"ಆ ಡಾಕ್ಟರಗ ತನ್ನ ಗಾಡಿ ಪಂಕ್ಚರ್ ಆದ್ರ ತಿಳಿಯೂದಿಲ್ಲ," ಅಂತ ಕಾಕು ಒಳಗಿನಿಂದ ಅನ್ನುತ್ತಿದ್ದಳು. ಕಾಕು ಅವನ ಹೆಂಡತಿ. ಸಾಲೆ ಕಲಿತವಳಲ್ಲ. ಲೆಕ್ಕ, ನೆನಪು ಎರಡೂ ಗಟ್ಟಿ.

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಹೊಸ ಚಿಗುರು ಬಂದಿತ್ತು. ನಮ್ಮ ಕಡೆ ತೋಟಕ್ಕೆ ಔಷಧ ಸಿಂಪಡಿಸುವುದಕ್ಕೆ ಎಣ್ಣೆ ಹೊಡೆಯುವುದು ಅನ್ನುತ್ತಾರೆ. ಆವತ್ತು ಬೆಳಿಗ್ಗೆ ಎಣ್ಣೆ ಹೊಡೆದು ಕಾಕಾ ಕಟ್ಟೆಯ ಮೇಲೆ ಕೂತಿದ್ದ. ಅದೂ ಇದೂ ಮಾತಾಡುತ್ತ ಕೇಳಿದ:

"ಅಲ್ಲೋ ಡಾಕ್ಟರ್, ನಾ ಒಂದ ಎಣ್ಣಿ ಸಾಲಾಗಿ ನಾಕ ಸಲ ಹೊಡದ್ರ ಏನಾಗತೈತಿ?"

"ಡೌನಿ ಅದಕ ಬಗ್ಗೂದಿಲ್ಲ."

"ಯಾಕ?"

"ಅದಕ ಹೊಂದಿಕೊಂಡ ರೋಗ ಅಷ್ಟ ಉಳಿತೈತಿ, ಬ್ಯಾರೆದ್ದೆಲ್ಲಾ ಸತ್ತಹೋಗತೈತಿ. ಉಳದದ್ದ ಮತ್ತ ಬೆಳಿತೈತಿ."

"ಅದಕ ನಾವು ಎಣ್ಣಿ ಬದಲಿ ಮಾಡತೇವಿ. ನಡಕ ಒಂದೀಟು ಬಿಡತೇವಿ. ಹೌದಲ್ಲೊ? ಮತ್ತ ನಾ ಈ ಗುಳಿಗಿ ದಿನಾ ದಿನಾ ನುಂಗಾಕತ್ತೇನಿ. ಎಂಟ ತಿಂಗಳಾತು. ಇದೂ ಹಂಗ ಅಲ್ಲೇನು?"

ಕ್ಯಾನ್ಸರಿನ ಬಗ್ಗೆ ದೊಡ್ಡ ದೊಡ್ಡವರು ಬರೆದದ್ದನ್ನು ಈ ಮನುಷ್ಯ ಎಣ್ಣೆ ಹೊಡೆಯುವ ಪಂಪು ಪಕ್ಕಕ್ಕಿಟ್ಟುಕೊಂಡು ಹೇಳಿಬಿಟ್ಟಿದ್ದ. ಗಡ್ಡೆಯಲ್ಲಿ ಕೋಟಿಗಟ್ಟಲೆ ಕೋಶಗಳು, ಎಲ್ಲ ಒಂದೇ ಥರ ಅಲ್ಲ. ಗುಳಿಗೆಗೆ ಬಗ್ಗದ ನಾಲ್ಕು ಕೋಶ ಎಲ್ಲೋ ಮೂಲೆಯಲ್ಲಿ ಇರುತ್ತವೆ. ಬಗ್ಗುವವೆಲ್ಲ ಸತ್ತರೆ ಆ ನಾಲ್ಕಕ್ಕೆ ಜಾಗ ಖಾಲಿ. ಹಾಗಾಗಿ ಔಷಧವನ್ನು ಬಿಟ್ಟು ಬಿಟ್ಟು ಕೊಟ್ಟರೆ, ಬಗ್ಗುವ ಕೋಶಗಳು ಸ್ವಲ್ಪ ಉಳಿದು ಬಗ್ಗದವನ್ನು ಅದುಮಿ ಹಿಡಿಯಬಹುದೇ ಅಂತ ಕೆಲವರು ಪರೀಕ್ಷೆ ಮಾಡಿ ನೋಡುತ್ತಿದ್ದಾರೆ. ನಾನು ಅದನ್ನು ಅದೇ ವಾರ ಓದಿದ್ದೆ.

"ಕಾಕಾ, ನೀ ಹೇಳೂದು ನೂರಕ್ಕ ನೂರು ಖರೆ," ಅಂದೆ. "ಈಗ ವಿಜ್ಞಾನಿಗಳೂ ಇದನ್ನ ಹೇಳಾಕತ್ತಾರ. ಬಿಟ್ಟು ಬಿಟ್ಟು ಕೊಡೂದರ ಮ್ಯಾಲ ಪರೀಕ್ಷಾ ನಡಸ್ಯಾರ."

"ನೋಡ ಮತ್ತ! ನಾ ಸಾಲಿ ಬಿಟ್ಟದ್ದು ಛಲೋ ಆತು."

ಇಬ್ಬರೂ ನಕ್ಕೆವು. ಆ ಪರೀಕ್ಷೆಗಳು ಬೇರೆ ಜಾತಿಯ ಕ್ಯಾನ್ಸರಿನ ಮೇಲೆ ಅಂತ ನಾನು ಹೇಳಲಿಲ್ಲ. ಪದೇ ಪದೇ ರಕ್ತ ನೋಡುತ್ತ, ಡಾಕ್ಟರು ಎದುರಿಗೆ ಕೂತು ಮಾಡುವ ಕೆಲಸ ಅದು ಅಂತ ಹೇಳಲಿಲ್ಲ. ಇವನ ರೋಗಕ್ಕೆ ದಿನವೂ ತಗೊಳ್ಳುವುದೇ ಸರಿ ಅಂತ ಹೇಳಲಿಲ್ಲ. ಮುಚ್ಚಿಟ್ಟೆ ಅಂತಲ್ಲ. ಹೇಳಿದ್ದರೆ ಮಾತಿನ ಸೊಗಸು ಕೆಡುತ್ತಿತ್ತು, ಅಷ್ಟೇ.

ಆವತ್ತಿನಿಂದ ಕಾಕಾ ಗುಳಿಗೆಯನ್ನು ಒಂದು ದಿನ ಬಿಟ್ಟು ಒಂದು ದಿನ ತಗೊಂಡ. ನಡುವಿನ ದಿನ ಮುದ್ದೇಬಿಹಾಳದ ಕಡೆಯಿಂದ ಯಾರೋ ತಂದುಕೊಟ್ಟ ಬೇರಿನ ಕಷಾಯ ಕುಡಿದ. ಅವನ ಲೆಕ್ಕದಲ್ಲಿ ಅದು ಬದಲಿ ಎಣ್ಣೆ. ಇದು ನನಗೆ ಗೊತ್ತಾದದ್ದು ಮೂರು ತಿಂಗಳ ಮೇಲೆ, ಅದೂ ಕಾಕುವಿನಿಂದ. ಒಣದ್ರಾಕ್ಷಿ ತುಂಬುವ ಖಾಲಿ ಡಬ್ಬಿಯೊಂದರಲ್ಲಿ ಆಕೆಗೆ ಗುಳಿಗೆಯ ಹಾಳೆಗಳು ಸಿಕ್ಕಿದ್ದವು, ಒಂದೂ ಒಡೆದಿರಲಿಲ್ಲ.

"ಇವು ಯಾಕ ಉಳದಾವು?" ಅಂತ ಆಕೆ ಕೇಳಿದ್ದಕ್ಕೆ ಕಾಕಾ, "ಡಾಕ್ಟರ್ ಹೇಳ್ಯಾನ," ಅಂದಿದ್ದನಂತೆ. ಯಾವ ಡಾಕ್ಟರ್ ಅಂತ ಆಕೆ ಕೇಳಲಿಲ್ಲ. ಸೊಲ್ಲಾಪುರದವರು ಅಂದುಕೊಂಡಳು. ನನ್ನೆದುರು ಸಹಜವಾಗಿ ಹೇಳಿದಳು. ನಾನು ಚಹಾ ಕುಡಿಯುತ್ತಿದ್ದೆ, ಕುಡಿಯುತ್ತಲೇ ಇದ್ದೆ.

ತೋಟಕ್ಕೆ ಹೋಗಿ ಕಾಕಾನ ಮೇಲೆ ರೇಗಿದೆ. "ನಾ ಎಲ್ಲೆ ಬಿಡು ಅಂದಿನಿ?"

"ಖರೆ ಅಂದಿ. ನೂರಕ್ಕ ನೂರು ಅಂದಿ."

"ನಾಳಿಂದ ದಿನಾ ತಗೊ. ದಿನಾ."

"ಆತಪಾ," ಅಂದ. ತಗೊಂಡ ಕೂಡ. ಆದರೆ ಹದಿನೈದು ದಿನಕ್ಕೆ ಕೆಮ್ಮು ಮರಳಿತ್ತು. ಸೊಲ್ಲಾಪುರಕ್ಕೆ ಹೋದೆವು, ಕಾಕಾ, ಕಾಕು, ನಾನು.

ಗಡ್ಡೆ ಬೆಳೆದಿತ್ತು. ಮೇಡಂ ಡಾಕ್ಟರು ಸ್ಕ್ಯಾನ್ ನೋಡಿ, ಕಾಕಾನ ಕಡೆ ತಿರುಗಿ ಕೇಳಿದರು: "ಗುಳಿಗಿ ನಡಕ ಎಲ್ಲೆರೆ ಬಿಟ್ಟಿದ್ರೇನ್ರಿ? ಖರೆ ಹೇಳ್ರಿ, ಬೈಯೂದಿಲ್ಲ."

ಕಾಕಾ ನನ್ನನ್ನೊಮ್ಮೆ ನೋಡಿದ. "ಇಲ್ರಿ ಮೇಡಂ. ಒಂದ ದಿನಾನೂ ಬಿಟ್ಟಿಲ್ರಿ."

ಕಾಕು ಬಾಯಿ ತೆರೆಯಲು ಹೋದಳು. ಸೊಲ್ಲಾಪುರದವರೇ ಬಿಡು ಅಂದಿದ್ದಾರೆ ಅಂದುಕೊಂಡಿದ್ದವಳು ಆಕೆ. ಕಾಕಾ ಅವಳ ಮೊಣಕೈ ಒತ್ತಿದ. ಆ ಕೋಣೆಯಲ್ಲಿ ಮಾತಾಡಬೇಕಾದವನು ನಾನು. ಎಲ್ಲ ವಿಷಯಕ್ಕೂ ಮಾತಾಡುವವನು, ಪಂಕ್ತಿಯಲ್ಲಿ ಊಟ ಬಿಟ್ಟು ಮಾತಾಡಿದವನು, ಕಾಲ ಕೆಳಗಿನ ಫರಸಿ ನೋಡುತ್ತ ಕೂತೆ.

ಮೇಡಂ ಬರೆದುಕೊಂಡರು. ದಿನವೂ ತಗೊಂಡರೂ ಬೆಳೆದಿದೆ, ಅಂದರೆ ಗುಳಿಗೆ ಸೋತಿದೆ. ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಚೂರುಗಳು ತೇಲಾಡುತ್ತವೆ, ಅದರಲ್ಲಿ ಹೊಸ ಬದಲಾವಣೆ ಸಿಕ್ಕರೆ ಮುಂದಿನ ಗುಳಿಗೆ ಕೊಡಬಹುದು ಅಂತ ರಕ್ತ ಕಳಿಸಿದರು. ವರದಿ ನನ್ನ ಫೋನಿಗೇ ಬಂತು. ಹೊಸ ಬದಲಾವಣೆ ಏನೂ ಸಿಕ್ಕಿರಲಿಲ್ಲ.

ಅಂಗಡಿಯಲ್ಲಿ ನಿಂತು ಆ ವರದಿ ಓದಿದೆ. ಇದರ ಅರ್ಥ ನಮ್ಮ ಮನೆಯಲ್ಲಿ ತಿಳಿಯುತ್ತಿದ್ದದ್ದು ನನಗೊಬ್ಬನಿಗೆ. ಆ ಪರೀಕ್ಷೆ ಎಲ್ಲವನ್ನೂ ಹಿಡಿಯುವುದಿಲ್ಲ, ನಿಜ. ಆದರೂ ರೋಗ ಗುಳಿಗೆಗೆ ಹೊಂದಿಕೊಂಡೇ ಇಲ್ಲದಿರಬಹುದು. ಸಾಕಷ್ಟು ಗುಳಿಗೆ ಹೊಟ್ಟೆಗೆ ಹೋಗದೆ ಬೆಳೆದಿರಬಹುದು. ದಿನವೂ ಕೊಟ್ಟು ಒಂದು ತಿಂಗಳು ಕಾದರೆ ಅದೇ ಗುಳಿಗೆ ಇನ್ನೂ ಕೆಲಸ ಮಾಡಬಹುದು. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮೇಡಂ ಗುಳಿಗೆ ನಿಲ್ಲಿಸಿ ಸಲೈನಿನಲ್ಲಿ ಕೊಡುವ ಕೀಮೋ ಶುರುಮಾಡಿದರು, ಅವರ ಕಾಗದದಲ್ಲಿ ಬರೆದಿದ್ದ ಪ್ರಕಾರ ಅದೇ ಸರಿ. ನಾನು ಫೋನ್ ಮಾಡಲಿಲ್ಲ. ನಾಳೆ ಮಾಡೋಣ ಅಂದುಕೊಂಡೆ. ಮಾಡಿದರೆ, ಈ ಸಲಹೆ ಕೊಟ್ಟವರು ಯಾರು ಅಂತ ಕೇಳುತ್ತಿದ್ದರು.

ಎರಡು ಕೀಮೋ ಆಯಿತು. ಕಾಕಾನಲ್ಲಿ ಏಣಿ ಹತ್ತುವುದಿರಲಿ, ಅದರ ಹತ್ತಿರ ನಡೆದು ಹೋಗುವಷ್ಟೂ ಶಕ್ತಿ ಉಳಿಯಲಿಲ್ಲ. ಆಗ ಒಬ್ಬನೇ ಬಸ್ ಹತ್ತಿ ಸೊಲ್ಲಾಪುರಕ್ಕೆ ಹೋದೆ. ಮೇಡಂ ಮುಂದೆ ಎಲ್ಲ ಹೇಳಿದೆ, ದ್ರಾಕ್ಷಿ, ಡೌನಿ, ನೂರಕ್ಕೆ ನೂರು, ಎಲ್ಲ.

ಅವರು ಪೆನ್ನು ಕೆಳಗಿಟ್ಟರು. "ನೀವು ಏನ್ ಕಲ್ತೀರಿ?"

"ಬಿ.ಕಾಂ. ರೀ."

"ಆವತ್ತ ಇದ ಕುರ್ಚಿ ಮ್ಯಾಲ ಕುಂತಿದ್ರಿ. ಆವತ್ತ ಹೇಳಿದ್ರ ನಾ ಕೀಮೋ ಕೊಡತಿದ್ದಿಲ್ಲ. ಗುಳಿಗಿ ಮುಂದುವರಸಿ ನೋಡತಿದ್ದೆ."

"ಬಿಟ್ಟದ್ದಕ್ಕ ಹಿಂಗ ಆತೇನ್ರಿ?"

"ಗೊತ್ತಿಲ್ಲ. ಬಿಡದಿದ್ರೂ ಒಂದ ದಿನ ಆಗತಿತ್ತು. ಆರ ತಿಂಗಳ ಮ್ಯಾಲೋ, ಎರಡ ವರ್ಷದ ಮ್ಯಾಲೋ, ಯಾರಿಗೂ ಹೇಳಾಕ ಬರೂದಿಲ್ಲ. ಆ ದಿನ ಎಷ್ಟಿದ್ವು ಅನ್ನೂದು ಇನ್ನ ಎಂದೂ ತಿಳಿಯೂದಿಲ್ಲ."

ಗುಳಿಗೆ ಮತ್ತೆ ಶುರುಮಾಡಿದರು. ಅಷ್ಟರಲ್ಲಿ ರೋಗ ಮಿದುಳಿಗೆ ಹಬ್ಬಿತ್ತು. ಒಣದ್ರಾಕ್ಷಿ ಡಬ್ಬಿಗೆ ತುಂಬುವ ಹೊತ್ತಿಗೆ ಕಾಕಾ ಹೋದ. ಹೋಗುವ ಎರಡು ದಿನ ಮೊದಲು ಕೂಡ ನನ್ನನ್ನು ಡಾಕ್ಟರ್ ಅಂತಲೇ ಕರೆದ. ಕುಚೋದ್ಯವೋ, ಅಭ್ಯಾಸವೋ, ಕೇಳುವ ಧೈರ್ಯ ಆಗಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿದು ಮಂದಿ ಎದ್ದು ಹೋದ ಮೇಲೆ ಕಾಕು ನನ್ನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡಳು.

"ಬಿಟ್ಟು ಬಿಟ್ಟು ತಗೊ ಅಂದ ಡಾಕ್ಟರ್ ನೀನ ಏನೋ ತಮ್ಮಾ?"

"ಹೌದು ಕಾಕು."

ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಅದು ನಿನ್ನ ಮಾತಲ್ಲ ಬಿಡು," ಅಂದಳು. "ಅವರ ಮನಸಿನ್ಯಾಗ ಮೊದಲ ಇತ್ತು. ನಿನ್ನ ಬಾಯಿಂದ ಹೇಳಿಸಿಕೊಂಡ್ರು. ಎಣ್ಣಿ ಅಂಗಡ್ಯಾವನ ಕೂಡಾನೂ ಹಂಗ ಮಾಡತಿದ್ರು. ಆದ್ರ ದವಾಖಾನ್ಯಾಗ ಆಕಿ ಕೇಳಿದಾಗ ಬಾಯಿ ಮುಚ್ಚಿಕೊಂಡು ಕುಂತಿ ನೋಡು, ಅದು ನಿಂದು. ಅದನ್ನ ನಾ ಬ್ಯಾರೆ ಯಾರ ಮ್ಯಾಲೂ ಹಾಕೂದಿಲ್ಲ."

ಇದಾಗಿ ಒಂದು ವರ್ಷದ ಮೇಲಾಯಿತು. ಕಾಕು ನನ್ನ ಜೊತೆ ಮಾತು ಬಿಟ್ಟಿಲ್ಲ. ಹೋದರೆ ರೊಟ್ಟಿ ಬಡಿಯುತ್ತಾಳೆ, ಶೇಂಗಾ ಚಟ್ನಿ ಹಾಕುತ್ತಾಳೆ, ಇನ್ನೊಂದು ರೊಟ್ಟಿಗೆ ಒತ್ತಾಯ ಮಾಡುತ್ತಾಳೆ. ನಾನೂ ಓದುವುದು ಬಿಟ್ಟಿಲ್ಲ. ಮೊದಲಿಗಿಂತ ಚೆನ್ನಾಗಿ ತಿಳಿಯುತ್ತದೆ ಈಗ. ಯಾವ ಕೋಶ ಯಾವ ದಾರಿಯಿಂದ ತಪ್ಪಿಸಿಕೊಳ್ಳುತ್ತದೆ, ಯಾವುದಕ್ಕೆ ಯಾವ ಹೊಸ ಗುಳಿಗೆ ಬಂದಿದೆ, ಎಲ್ಲ. ಯಾರಿಗೂ ಹೇಳುವುದಿಲ್ಲ.

ಹೋದ ವಾರ ಹೋಗಿದ್ದಾಗ ಕಾಕುವಿಗೆ ಇಂಡಿಯ ದವಾಖಾನೆಯಲ್ಲಿ ಬಿಪಿಯ ಹೊಸ ಗುಳಿಗೆ ಬರೆದುಕೊಟ್ಟಿದ್ದರು. ನಾನು ಅವಳ ಎದುರಿಗೇ ಕೂತು ಊಟ ಮಾಡುತ್ತಿದ್ದೆ. ಆಕೆ ಚೀಟಿಯನ್ನು ಸೆರಗಿನಿಂದ ಬಿಚ್ಚಿ, ಎದ್ದು, ಪಕ್ಕದ ತೋಟದ ಮನೆಯ ಬಾಗಿಲಿಗೆ ಹೋಗಿ ಅವರ ಸೊಸೆಯನ್ನು ಕರೆದಳು.

"ಯವ್ವಾ, ಇದೀಟು ಓದಿ ಹೇಳ. ಮುಂಜಾನೆ ಒಂದೊ, ಸಂಜಿಗಿ ಒಂದೊ?"

ನಾನು ತಟ್ಟೆಯಲ್ಲಿದ್ದ ರೊಟ್ಟಿ ಮುರಿದೆ.